ಕೊಬ್ಬರಿ ಈರಭದ್ರಪ್ಪನವರ ಬುರುಡೆಗಾಳ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಕೊಬ್ಬರಿ ಅಂಗಡಿ ಇಟ್ಟಿದ್ದ ಈರಭದ್ರಪ್ಪನವರಿಗೆ ಒಂದು ಕಾಯಿಲೆ ಇತ್ತು. ಅದಕ್ಕೆ ತರೀಕೆರೆಯ ಡಾಕ್ಟರಲ್ಲೂ ಮದ್ದಿರಲಿಲ್ಲ, ಊರಿನ ನಾಟಿ ವೈದ್ಯನಲ್ಲೂ ಇರಲಿಲ್ಲ. ಯಾರು ಏನು ಕೇಳಿದರೂ ‘ನನಗೆ ಗೊತ್ತಿಲ್ಲ’ ಎನ್ನುವ ಮಾತು ಅವರ ಗಂಟಲಿನಿಂದ ಈಚೆಗೆ ಬರುತ್ತಿರಲಿಲ್ಲ. ರೈಲು ಯಾಕೆ ತಡ ಎಂದು ಯಾರಾದರೂ ಪ್ರಯಾಣಿಕರು ಕೇಳಿದರೆ, ಇಂಜಿನ್ನಿನ ಹೊಟ್ಟೆಯೊಳಗೆ ನೀರು ಹೇಗೆ ಕುದಿಯುತ್ತದೆ ಎಂಬಲ್ಲಿಂದ ಶುರುಮಾಡುತ್ತಿದ್ದರು. ಅವರು ಮುಗಿಸುವಷ್ಟರಲ್ಲಿ ರೈಲು ಬಂದು, ನಿಂತು, ಆ ಪ್ರಯಾಣಿಕರನ್ನು ಅಂಗಡಿಯಲ್ಲೇ ಬಿಟ್ಟು ಬೀರೂರಿನ ಕಡೆ ಹೊರಟುಹೋಗಿರುತ್ತಿತ್ತು. ಒಳ್ಳೆಯ ಮನುಷ್ಯ, ತೂಕದಲ್ಲಿ ಮೋಸವಿಲ್ಲ, ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕುವವರಲ್ಲ. ಬಾಯಿ ಮಾತ್ರ ಅವರ ಕೈಯಲ್ಲಿರಲಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಹೊಡೆದು ಕೆರೆ ಕೋಡಿ ಬಿದ್ದಿತ್ತು. ಒಂದು ಮಧ್ಯಾಹ್ನ ಶೇಕ್‌ದಾರ್ ಜಯದೇವಪ್ಪನವರು ಅಂಗಡಿಯ ಜಗಲಿಗೆ ಬಂದು ಕೂತು, ರುಮಾಲು ತೆಗೆದು ಗಾಳಿ ಬೀಸಿಕೊಂಡರು. ಹೋಬಳಿಯ ಮಟ್ಟಿಗೆ ಶೇಕ್‌ದಾರರೆಂದರೆ ಸರ್ಕಾರವೇ. ಅವರ ಮೇಲೆ ತರೀಕೆರೆಯ ಅಮಲ್ದಾರರು, ಅಮಲ್ದಾರರ ಮೇಲೆ ದೇವರು. ಅಂಥವರ ಮುಖ ಅಂದು ಒಣಗಿದ ಹಾಗಲಕಾಯಿಯಂತಿತ್ತು.

“ಏನ್ ಹೇಳ್ಲಿ ಈರಭದ್ರಪ್ಪನೋರೇ! ಸೇತುವೆ ಕೆಲಸ ನೋಡೋಕೆ ಇಂಜಿನಿಯರ್ ದೊರೆ ಬಂದು ಬಂಗ್ಲೇಲಿ ಇಳ್ಕೊಂಡವ್ರೆ. ಅವರಿಗೆ ಬಾಳೆಮೀನು ಬೇಕಂತೆ. ಆ ಮೀಸೆ ಇರುತ್ತಲ್ಲ, ಅದು. ಕೋಳಿ ಅಂದ್ರೆ ಬೇಡ, ಕುರಿ ಅಂದ್ರೆ ಬೇಡ. ಸೋಮವಾರ ಬೆಳಿಗ್ಗೆ ಕೊಡಿಸ್ಲೇಬೇಕು ಅಂತ ಅಮಲ್ದಾರ್ರ ಹುಕುಂ. ಕೆರೆ ತುಂಬಿ ಕೂತದೆ, ಬೆಸ್ತರ ಬಲೆ ತಳ ಮುಟ್ಟಾಕಿಲ್ಲ. ನಾನೂ ನಿಮ್ಮಂಗೆ ಲಿಂಗ ಕಟ್ಟಿದೋನು, ಮೀನಿಗೆ ತಲೆ ಯಾವುದು ಬಾಲ ಯಾವುದು ಗೊತ್ತಿಲ್ಲ. ಆ ಹಾಳು ಮೀನು ಹಿಡಿಯೋ ಉಪಾಯ ಯಾರಿಗಪ್ಪಾ ಗೊತ್ತು?”

ಅದು ಉತ್ತರ ಬೇಡದ ಪ್ರಶ್ನೆ. ಬೇರೆ ಯಾರೇ ಆಗಿದ್ದರೂ ‘ಅಯ್ಯೋ ಪಾಪ’ ಎಂದು ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಈರಭದ್ರಪ್ಪನವರ ಕಿವಿಗೆ ಬಿದ್ದದ್ದು ‘ಯಾರಿಗೆ ಗೊತ್ತು’ ಎಂಬುದೊಂದೇ.

“ಅದೇನು ಮಹಾ! ಬುರುಡೆಗಾಳ ಬಿಟ್ರೆ ಆಯ್ತಪ್ಪ,” ಎಂದರು.

“ಹಂಗಂದ್ರೆ?”

“ಒಣಗಿದ ಸೋರೆಬುರುಡೆ ತಗೋಬೇಕು. ಅದಕ್ಕೆ ಗಟ್ಟಿ ಹುರಿ, ಹುರಿ ತುದಿಗೆ ಗಾಳ, ಗಾಳಕ್ಕೆ ತಿಂಡಿ. ಸಂಜೆ ನೀರಿಗೆ ಬಿಟ್ಟು ಮನೆಗೆ ಹೋಗಿ ಮಲಗ್ಬೇಕು. ಮೀನು ಕಚ್ಚಿ ಎಳೀತದೆ, ಬುರುಡೆ ಮುಳುಗ್ತದೆ. ಬುರುಡೆ ಮೇಲಕ್ಕೆ ಎಳೀತದೆ, ಮೀನಿಗೆ ಸುಸ್ತಾಗ್ತದೆ. ಬೆಳಿಗ್ಗೆ ಹೋಗಿ ಬುರುಡೆ ಎತ್ಕೊಂಡ್ರೆ ಹಿಂದೇನೇ ಮೀನು ಬರ್ತದೆ, ಹಸುವಿನ ಹಿಂದೆ ಕರು ಬಂದ ಹಂಗೆ.”

ಈ ವಿದ್ಯೆಯನ್ನು ಅವರು ಕಲಿತದ್ದು ಚಿಕ್ಕಂದಿನಲ್ಲಿ, ಕಡೂರು ಸಂತೆಗೆ ಹೋಗುವ ಗಾಡಿಯಲ್ಲಿ, ಮುಂದೆ ಕೂತ ಇಬ್ಬರು ಅಪರಿಚಿತರು ಮಾತಾಡಿಕೊಳ್ಳುವುದನ್ನು ಅರೆನಿದ್ದೆಯಲ್ಲಿ ಕೇಳಿ. ಆಮೇಲೆ ಅದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಹೇಳುವ ಅವಕಾಶ ಸಿಕ್ಕಿರಲಿಲ್ಲ.

ಶೇಕ್‌ದಾರರು ಮಾರನೆಯ ದಿನವೇ ಹಿಂತಿರುಗಿ ಬಂದರು. ಮುಖ ಅರಳಿತ್ತು. “ಅಮಲ್ದಾರ್ರಿಗೆ ನಿಮ್ಮ ಹೆಸರು ಹೇಳ್ಬಿಟ್ಟೆ ಕಣ್ರೀ! ಭಾಳ ಸಂತೋಷಪಟ್ರು. ದೊರೆಗಳಂತೂ ತಮ್ಮ ವಿಲಾಯಿತಿ ಗಾಳಾನೇ ಕೊಟ್ಟು ಕಳಿಸವ್ರೆ,” ಎಂದು ಒಂದು ಪೊಟ್ಟಣವನ್ನು ಕೊಬ್ಬರಿ ಗುಡ್ಡೆಯ ಮೇಲಿಟ್ಟರು.

“ಜಯದೇವಪ್ಪನೋರೇ, ನಾನು ಹೇಳಿದ್ದು ವಿದ್ಯೆ. ಮಾಡ್ತೀನಿ ಅಂತ ಅಂದಿಲ್ಲ.”

“ಈ ವ್ಯತ್ಯಾಸಾನ ಅಮಲ್ದಾರ್ರ ಹತ್ರ ನೀವೇ ಹೋಗಿ ಹೇಳ್ತೀರಾ?”

ಈರಭದ್ರಪ್ಪನವರು ಪೊಟ್ಟಣವನ್ನು ತೆಗೆದು ಗಲ್ಲಾಪೆಟ್ಟಿಗೆಯ ಹಿಂದೆ ಬಚ್ಚಿಟ್ಟರು. ಇರಲಾರದೆ ಇರುವೆ ಬಿಟ್ಟುಕೊಂಡರು ಎಂದು ನಾವು ನೀವು ಹೇಳಬಹುದು. ಆದರೆ ಆ ಇರುವೆ ಎಂಥ ಜಾಗದಲ್ಲಿ ಕಚ್ಚುತ್ತಿತ್ತು ಎನ್ನುವುದು ತಿಳಿಯಬೇಕಾದರೆ ಚೌಳಹಿರಿಯೂರಿನ ಮಲ್ಲಿಕಾರ್ಜುನಯ್ಯನವರ ವಿಷಯ ಹೇಳಬೇಕು.

ಮಲ್ಲಿಕಾರ್ಜುನಯ್ಯನವರು ಈರಭದ್ರಪ್ಪನವರಿಗೆ ಬೀಗರಾಗಲಿದ್ದವರು. ಮಾತುಕತೆಯೆಲ್ಲ ನೆಂಟರ ಮೂಲಕವೇ ನಡೆದಿತ್ತು, ಬೀಗರಿಬ್ಬರೂ ಇನ್ನೂ ಮುಖ ನೋಡಿರಲಿಲ್ಲ. ಮಠಕ್ಕೆ ಬಹಳ ಬೇಕಾದವರು, ಆಚಾರವೆಂದರೆ ಅವರು, ಅವರೆಂದರೆ ಆಚಾರ. ಪರಸ್ಥಳಕ್ಕೆ ಹೋದರೆ ಕುಡಿಯುವ ನೀರನ್ನೂ ಮನೆಯಿಂದಲೇ ಒಯ್ಯುತ್ತಿದ್ದರು. ಮಗನಿಗೆ ಕಡೂರಿನಲ್ಲಿ ಒಂದು ಹೆಣ್ಣು ನೋಡಿ, ಎಲ್ಲ ಒಪ್ಪಿಗೆಯಾಗಿ, ವೀಳ್ಯ ಬದಲಾಯಿಸುವ ಹೊತ್ತಿಗೆ ಆ ಮನೆಯ ಅಂಗಳದಲ್ಲಿ ಒಂದು ಕೋಳಿಪುಕ್ಕ ಕಂಡು ಎದ್ದು ಬಂದಿದ್ದರು. ಪುಕ್ಕ ಪಕ್ಕದ ಬೀದಿಯಿಂದ ಗಾಳಿಗೆ ಹಾರಿಬಂದದ್ದು ಎಂದು ಹೆಣ್ಣಿನ ಕಡೆಯವರು ಕಾಲು ಹಿಡಿದರೆ, “ನಿಮ್ಮನೆ ಕಡೆ ಬೀಸೋ ಗಾಳಿಗೂ ಆಚಾರ ಇರ್ಬೇಕು,” ಎಂದಿದ್ದರಂತೆ. ಅಂಥವರು ತಾಯಿ ಸಾವಿತ್ರಮ್ಮನವರನ್ನೂ ನೆಂಟರನ್ನೂ ಕರೆದುಕೊಂಡು ವೀಳ್ಯಶಾಸ್ತ್ರಕ್ಕೆಂದು ಅಜ್ಜಂಪುರಕ್ಕೆ ಬರುವುದು ಸೋಮವಾರ ಬೆಳಿಗ್ಗೆ. ಅದೇ ಸೋಮವಾರ.

ಈರಭದ್ರಪ್ಪನವರ ಮಗಳು ಮಲ್ಲಿಕಾಂಬ ಹುಡುಗನನ್ನು ಅಮೃತಾಪುರದ ದೇವಸ್ಥಾನದಲ್ಲಿ ದೂರದಿಂದ ನೋಡಿ ಬಂದ ದಿನದಿಂದ ರಾಗಿ ಬೀಸುವಾಗ ಹಾಡು ಹೇಳುತ್ತಿದ್ದಳು. ಮುಂಚೆ ಬೀಸುವ ಕಲ್ಲಿಗೇ ಬೈಯುತ್ತಿದ್ದ ಹುಡುಗಿ. ಆ ಹಾಡು ಕೇಳಿಸಿದಾಗಲೆಲ್ಲ ಈರಭದ್ರಪ್ಪನವರಿಗೆ ಸಂತೋಷವಾಗುತ್ತಿತ್ತು. ಈಗ ಅದೇ ಹಾಡು ಕೇಳಿದರೆ ಎದ್ದು ಅಂಗಡಿಗೆ ಹೊರಟುಬಿಡುತ್ತಿದ್ದರು. ಮೀನು ಕೊಡದಿದ್ದರೆ ಅಮಲ್ದಾರರು, ಕೊಟ್ಟರೆ ಬೀಗರು; ಅತ್ತ ದರಿ ಇತ್ತ ಪುಲಿ. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿದರೆ ಕತ್ತಲೆಯಲ್ಲಿ ಎರಡು ಮೀಸೆ ಮೆಲ್ಲಗೆ ಅಲ್ಲಾಡಿದಂತಾಗಿ ಬೆಚ್ಚಿಬೀಳುತ್ತಿದ್ದರು.

ಪಕ್ಕದ ಮನೆಯ ರಂಗಪ್ಪನಿಗೆ ಕೆರೆಯಂಚಿನಲ್ಲಿ ತೆಂಗಿನ ತೋಟವಿತ್ತು. ಊರಿನ ಗಂಡಸರಲ್ಲಿ ಅರ್ಧದಷ್ಟು ಜನ ಈಜು ಕಲಿತದ್ದು ಅವನ ಮನೆಯ ಸೋರೆಬುರುಡೆಗಳನ್ನು ಬೆನ್ನಿಗೆ ಕಟ್ಟಿಕೊಂಡೇ. ಮೀನಿನ ಕೆಲಸವನ್ನು ಅವನಿಗೇ ಒಪ್ಪಿಸಬಹುದಿತ್ತು. ಆದರೆ ರಂಗಪ್ಪನಿಗೆ ಹೇಳಿದರೆ ಅವನ ಹೆಂಡತಿ ಕೆಂಚಮ್ಮನಿಗೆ ಹೇಳಿದಂತೆ, ಕೆಂಚಮ್ಮನಿಗೆ ಹೇಳಿದರೆ ಡಂಗುರ ಹೊಡೆಸುವ ಖರ್ಚು ಉಳಿದಂತೆ. ಆದ್ದರಿಂದ ಈರಭದ್ರಪ್ಪನವರು ಭಾನುವಾರ ಬೆಳಿಗ್ಗೆ ಏನೂ ಅಲ್ಲವೆಂಬ ಮುಖ ಮಾಡಿಕೊಂಡು ಹೋದರು.

“ರಂಗಪ್ಪ, ಎರಡು ಬುರುಡೆ ಬೇಕಾಗಿತ್ತು.”

“ಯಾಕ್ ಸಾವ್ಕಾರ್ರೇ?”

“ಈಜು ಕಲಿಯೋಣ ಅಂತ.”

ರಂಗಪ್ಪ ಅವರ ಹೊಟ್ಟೆಯನ್ನು ಒಮ್ಮೆ ನೋಡಿದ. “ಎರಡು ಸಾಲಾಕಿಲ್ಲ. ಮೂರು ತಗಳಿ.”

“ಕೆರೇಲಿ ಆಳ ಎಲ್ಲಿ ಜಾಸ್ತಿ?”

“ತೂಬಿನ ತಾವ. ಆನೆ ಮುಳುಗ್ತದೆ. ಕಲಿಯೋರ್ಗೆ ಆಳ ಯಾಕೆ?”

“ಸುಮ್ನೆ ಕೇಳ್ದೆ. ಗಟ್ಟಿ ಹುರಿ ಇದ್ರೆ ಅದೂ ಒಂದಿಷ್ಟು ಕೊಡು. ಯಾರ್ಗೂ ಹೇಳ್ಬೇಡ.”

ಗೋಡೆಯಾಚೆ ಬೆರಣಿ ತಟ್ಟುತ್ತಿದ್ದ ಕೆಂಚಮ್ಮ ಕೈ ತೊಳೆಯದೆ ಈರಭದ್ರಪ್ಪನವರ ಹೆಂಡತಿ ಶಂಕರಮ್ಮನವರ ಹಿತ್ತಿಲಿಗೆ ಓಡಿದಳು. “ಅಮ್ಮಾವ್ರೇ, ನಿಮ್ಮ ಯಜಮಾನ್ರು ಹುರಿ ಕೇಳಿದ್ರು. ಕೆರೆ ಆಳ ಕೇಳಿದ್ರು. ಯಾರ್ಗೂ ಹೇಳ್ಬೇಡ ಅಂದ್ರು!” ಬುರುಡೆಯ ವಿಷಯ ಅವಳಿಗೆ ಅಷ್ಟು ಮುಖ್ಯವೆನಿಸಲಿಲ್ಲ, ಬಿಟ್ಟುಬಿಟ್ಟಳು.

ಈರಭದ್ರಪ್ಪನವರು ಅಂಗಡಿಗೆ ಹೋಗುವಷ್ಟರಲ್ಲಿ ಸುದ್ದಿ ಅಲ್ಲಿ ಹೋಗಿ ಕೂತಿತ್ತು. ಎಂದೂ ಕೊಬ್ಬರಿ ಕೊಳ್ಳದವರೆಲ್ಲ ಬಂದು ಬೆನ್ನು ಸವರಿದರು. “ಜೀವ ದೊಡ್ಡದು ಕಣ್ರೀ,” ಎಂದರು ಒಬ್ಬರು. ಸ್ಟೇಷನ್ ಮಾಸ್ತರರು, “ಸಿಗ್ನಲ್ ಬೀಳಲಿಲ್ಲ ಅಂತ ಗಾಡಿ ಹಳಿ ಬಿಟ್ಟು ಇಳಿಯುತ್ತೇನ್ರೀ? ಕಾಯಬೇಕು,” ಎಂದು ಕಣ್ಣೊರೆಸಿಕೊಂಡರು. ಊಟಕ್ಕೆ ಮನೆಗೆ ಬಂದರೆ ಶಂಕರಮ್ಮನವರು ಬಾವಿಯ ಹಗ್ಗವನ್ನೇ ತೆಗೆದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು.

“ಏನ್ರೀ, ಮಗಳ ಮುಖ ನೋಡ್ಕೊಂಡಾದ್ರೂ ಗಟ್ಟಿ ಮನಸು ಮಾಡಬಾರ್ದೇ?”

“ಈಜು ಕಣೇ! ಬರೀ ಈಜು!”

“ನಾಳೆ ಬೀಗರು ಬರೋ ಹೊತ್ತಲ್ಲಿ, ಈ ವಯಸ್ಸಲ್ಲಿ ಈಜಾ?”

ಆಮೇಲೆ ಅವರು ಪಡಸಾಲೆಗೆ ಹೋದರೆ ಶಂಕರಮ್ಮ ಪಡಸಾಲೆಗೆ, ಹಿತ್ತಿಲಿಗೆ ಹೋದರೆ ಹಿತ್ತಿಲಿಗೆ. ಮಾರನೆಯ ದಿನದ ಹೋಳಿಗೆಗೆ ಹೂರಣ ಗೊಟಾಯಿಸಲು ಕೂತಾಗ ಮಾತ್ರ ಆಕೆಯ ಕೈಯೂ ಕಣ್ಣೂ ಒಲೆಗೆ ಸಿಕ್ಕಿಬಿದ್ದವು.

ಆಗ ಈರಭದ್ರಪ್ಪನವರಿಗೆ ಇನ್ನೊಂದು ಸಂಕಟ ನೆನಪಾಯಿತು. ಗಾಳಕ್ಕೆ ಏನು ಕಟ್ಟುವುದು? ಕಪ್ಪೆ, ಎರೆಹುಳು ಎಂದು ಆ ಗಾಡಿಯವರು ಹೇಳಿದ್ದರೇನೋ. ಅವುಗಳ ಹೆಸರು ಹೇಳುವುದಕ್ಕೇ ಇವರ ನಾಲಿಗೆ ಹೇಸುತ್ತಿತ್ತು. ಎದುರಿಗೆ ತಟ್ಟೆಯಲ್ಲಿ ಕಡಲೆಬೇಳೆಯ ಹೂರಣದ ಉಂಡೆಗಳು ಆರುತ್ತಿದ್ದವು. ಬೀಗರು ಮೆಚ್ಚುವ ಹೂರಣವನ್ನು ಮೀನು ಮೆಚ್ಚುವುದಿಲ್ಲವೇ? ಶಂಕರಮ್ಮ ಏಲಕ್ಕಿ ಕುಟ್ಟಲು ಆ ಕಡೆ ತಿರುಗಿದಾಗ ಒಂದು ಹಿಡಿ ಉಂಡೆಗಳು ಪಂಚೆಯ ಮಡಿಲಿಗೆ ಬಂದವು, ತುಪ್ಪ ಸೋಸುವ ಬಟ್ಟೆಯೂ ಬಂತು. ಅವರು ಹಿತ್ತಿಲ ಬಾಗಿಲು ದಾಟುವಾಗ ಒಳಗೆ ಶಂಕರಮ್ಮ ಬೆಕ್ಕಿಗೆ ಶಾಪ ಹಾಕುತ್ತಿದ್ದರು.

ದೀಪ ಹಚ್ಚುವ ಹೊತ್ತು. ತೂಬಿನ ಬಳಿ ಯಾರೂ ಇರಲಿಲ್ಲ. ಈರಭದ್ರಪ್ಪನವರು ಹೂರಣವನ್ನು ತುಪ್ಪದ ಬಟ್ಟೆಯ ಚೂರುಗಳಲ್ಲಿ ಸುತ್ತಿ ಗಾಳಕ್ಕೆ ಚುಚ್ಚಿದರು. ಹುರಿಯನ್ನು ಬುರುಡೆಗೆ ಕಟ್ಟಿದ್ದು ಕೊಬ್ಬರಿ ಮೂಟೆಗೆ ಹಾಕುವ ಗಂಟಿನಿಂದ. ಆ ಗಂಟು ಅಜ್ಜಂಪುರದಲ್ಲಿ ಹಾಕಿದರೆ ಮುಂಬಯಿಯಲ್ಲಿ ಮಚ್ಚಿನಿಂದಲೇ ಬಿಚ್ಚಬೇಕು. ಇನ್ನೇನು ನೀರಿಗೆ ಬಿಡಬೇಕು, ತಡೆದು ನಿಂತರು. ಅವರ ಮನೆತನದಲ್ಲಿ ಹೊಸ ತಕ್ಕಡಿಯಾಗಲಿ, ಹೊಸ ಬೀಗವಾಗಲಿ, ಹೊಸ ಮೊರವಾಗಲಿ ವಿಭೂತಿ ಹಚ್ಚದೆ ಬಳಕೆಗೆ ಬಂದದ್ದಿಲ್ಲ. ಇಂಥ ಪಾಪದ ಕೆಲಸವನ್ನು ಹಾಗೇ ಶುರುಮಾಡಲಾದೀತೇ? ಒದ್ದೆ ಕೈಯಲ್ಲಿ ವಿಭೂತಿ ನಿಲ್ಲಲಿಲ್ಲ. ಎಲೆಯಡಿಕೆ ಚೀಲದ ಸುಣ್ಣವನ್ನು ಅದಕ್ಕೆ ಕಲಸಿ, ಒಂದೊಂದು ಬುರುಡೆಗೂ ದಪ್ಪನಾಗಿ ಮೂರು ಪಟ್ಟೆ ಎಳೆದರು. “ಶಿವನೇ, ನಿನ್ನ ಜೀವ ನೀನೇ ನೋಡ್ಕೋ,” ಎಂದು ಕಣ್ಣು ಮುಚ್ಚಿ ಮೂರನ್ನೂ ನೀರಿಗೆ ತಳ್ಳಿದರು.

ಬೆಳಿಗ್ಗೆ ಯಾರೂ ಏಳುವ ಮುಂಚೆ ಹೋಗಿ ಎಳೆದುಕೊಂಡು, ಶೇಕ್‌ದಾರರ ಕೈಗೆ ದಾಟಿಸಿ, ಸ್ನಾನ ಮಾಡಿ ಬೀಗರನ್ನು ಎದುರುಗೊಳ್ಳುವುದು ಅವರ ಲೆಕ್ಕ. ಆದರೆ ರಾತ್ರಿಯೆಲ್ಲ ಶಂಕರಮ್ಮನವರು ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡು ಮಲಗಿದ್ದರು. ಅವರು ಎದ್ದು ಬಾಗಿಲು ಬಿಡುವ ಹೊತ್ತಿಗೆ ಕೆಂಚಮ್ಮ ಕೊಡ ತೆಗೆದುಕೊಂಡು ಕೆರೆಗೆ ಹೋಗಿ ಆಗಿತ್ತು.

ಕೆಂಚಮ್ಮ ಕಂಡದ್ದು ಇಷ್ಟು. ಗಾಳಿ ಏರಿಯ ಕಡೆಯಿಂದ ಬೀಸುತ್ತಿತ್ತು. ನೀರಿನ ಮೇಲೆ ದುಂಡಗೆ ಏನೋ ಒಂದು, ಮೂರು ಪಟ್ಟೆ ವಿಭೂತಿ ಧರಿಸಿಕೊಂಡು, ಗಾಳಿಗೆ ಎದುರಾಗಿ ಏರಿಯ ಕಡೆಗೇ ಬರುತ್ತಿತ್ತು. ಬಂದು, ನಿಂತು, ಗುಳುಕ್ಕನೆ ಮುಳುಗಿತು. ಅವಳು ಉಸಿರು ಬಿಡುವಷ್ಟರಲ್ಲಿ ಅಷ್ಟು ದೂರದಲ್ಲಿ ಮತ್ತೆ ಎದ್ದಿತು. ವಿಭೂತಿ ಅಳಿಸಿರಲಿಲ್ಲ. ಅದು ಅವಳ ಅಡುಗೆಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಬುರುಡೆಯೇ. ಆದರೆ ವಿಭೂತಿ ಹಚ್ಚಿದ ಮೇಲೆ ಯಾರು ತಾನೇ ಬುರುಡೆಯನ್ನು ಬುರುಡೆ ಎನ್ನುತ್ತಾರೆ? ಕೆಂಚಮ್ಮ ಕೊಡ ಬಿಸಾಕಿ, “ಗಂಗಮ್ಮ ಎದ್ಲು ಕಣ್ರಪ್ಪೋ!” ಎಂದು ಕೂಗಿದ ಕೂಗಿಗೆ ಸ್ಟೇಷನ್ನಿನಲ್ಲಿ ನಿಂತಿದ್ದ ಗೂಡ್ಸ್ ಗಾಡಿಯ ಗಾರ್ಡು ಹಸಿರು ಬಾವುಟ ಕೆಳಗಿಳಿಸಿದನಂತೆ.

ಈರಭದ್ರಪ್ಪನವರು ಏದುಸಿರು ಬಿಡುತ್ತ ಏರಿ ಹತ್ತಿದಾಗ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರ ಮೂರು ಬುರುಡೆಗಳಲ್ಲಿ ನೀರಿನ ಮೇಲೆ ಕಂಡದ್ದು ಒಂದೇ. ಕಾಯಿ ಒಡೆಯುತ್ತಿದ್ದರು. ಕರ್ಪೂರ ಉರಿಯುತ್ತಿತ್ತು. ರಂಗಪ್ಪ ನೀರಿನಂಚಿನಲ್ಲಿ ಉದ್ದುದ್ದ ಅಡ್ಡಬಿದ್ದಿದ್ದ.

“ಅಯ್ಯೋ, ಏನೂ ಇಲ್ಲ ಕಣ್ರೋ, ಯಾವುದೋ ಕಾಯಿ ತೇಲ್ಕೊಂಡು ಬಂದಿರ್ಬೇಕು. ಮನೆಗೆ ನಡೀರಿ,” ಎಂದರು.

“ಬಿಡ್ತು ಅನ್ನಿ ಸಾವ್ಕಾರ್ರೇ!” ಎಂದು ಏರಿ ಪೂರ್ತಿ ಅವರ ಮೇಲೆ ಬಿತ್ತು. ಅವರು ಕೆನ್ನೆ ಕೆನ್ನೆ ಬಡಿದುಕೊಂಡು ಬಿಡ್ತು ಅಂದರು.

ಅಷ್ಟರಲ್ಲಿ ಏರಿಯ ಆ ತುದಿಯಲ್ಲಿ ಎತ್ತಿನ ಗಂಟೆ ಕೇಳಿಸಿತು. ಚೌಳಹಿರಿಯೂರಿನ ಕಮಾನುಗಾಡಿಗಳು. ಊರಿಗೆ ಬೇರೆ ದಾರಿಯಿದ್ದರೆ ಈರಭದ್ರಪ್ಪನವರು ಅಂದೇ ಆ ದಾರಿಗೆ ಮಠ ಕಟ್ಟಿಸುತ್ತಿದ್ದರು. ಮೊದಲ ಗಾಡಿಯಿಂದ ನೀರಿನ ತಂಬಿಗೆ ಇಳಿಯಿತು, ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಅದರ ಹಿಂದೆ ಮಲ್ಲಿಕಾರ್ಜುನಯ್ಯನವರು ಇಳಿದರು. ಒಣಕಲು ಮೈ, ಹಣೆತುಂಬ ವಿಭೂತಿ, ನಗುವಿನ ಸುಳಿವಿಲ್ಲದ ಮುಖ. ಎರಡನೆಯ ಗಾಡಿಯಿಂದ ಅವರ ತಾಯಿ ಸಾವಿತ್ರಮ್ಮನವರೂ ನೆಂಟರೂ ಇಳಿದರು. ಕೆಂಚಮ್ಮ ಓಡಿಹೋಗಿ ಕಂಡದ್ದನ್ನೂ ಕಾಣದ್ದನ್ನೂ ಹೇಳಿದಳು.

ಮಲ್ಲಿಕಾರ್ಜುನಯ್ಯನವರು ಹುಬ್ಬಿನ ಮೇಲೆ ಕೈ ಅಡ್ಡವಿಟ್ಟು ಕೆರೆ ನೋಡಿದರು. ಬುರುಡೆ ಗುಳುಕ್ಕನೆ ಮುಳುಗಿತು. ಎದ್ದಿತು. ಅವರು ಧ್ಯಾನ ಮಾಡುವವರಂತೆ ಬಹಳ ಹೊತ್ತು ನೋಡುತ್ತಲೇ ನಿಂತರು. ಆಮೇಲೆ ಮೆಲ್ಲಗೆ ತಿರುಗಿ ಈರಭದ್ರಪ್ಪನವರನ್ನು ನೋಡಿದರು.

“ನೀವೇ ಏನು ಈರಭದ್ರಪ್ಪನೋರು?”

“ಹೌ... ಹೌದು.”

“ಬೆರಳಿಗೆ ಸುಣ್ಣ ಮೆತ್ಕೊಂಡಿದೆ.”

“ಎಲೆ... ಎಲೆಯಡಿಕೆ...”

“ಹೂಂ,” ಎಂದರು ಮಲ್ಲಿಕಾರ್ಜುನಯ್ಯ. ಆ ‘ಹೂಂ’ ಕೇಳಿ ಈರಭದ್ರಪ್ಪನವರಿಗೆ ಕಡೂರಿನ ಕೋಳಿಪುಕ್ಕ ಕಣ್ಣ ಮುಂದೆ ಹಾರಿತು. ಬೀಸುವ ಕಲ್ಲಿನ ಹಾಡು ಮನೆಯಲ್ಲಿ ನಿಂತೇಹೋದಂತೆ ಅನ್ನಿಸಿತು.

ಇಷ್ಟು ಸಾಲದೆಂದು ಆಗಲೇ ಶೇಕ್‌ದಾರ್ ಜಯದೇವಪ್ಪನವರು ಇಂಜಿನಿಯರ್ ದೊರೆಯನ್ನು ಕರೆದುಕೊಂಡು ಬಂದರು. ದೊರೆ ಬುರುಡೆಯನ್ನು ಕಂಡದ್ದೇ ತಡ, ತಲೆಯ ಟೋಪಿ ಕಿತ್ತು ಕೈಯಲ್ಲಿ ಹಿಡಿದುಕೊಂಡು, ಕುಣಿದಾಡಿ, ಇಂಗ್ಲಿಷಿನಲ್ಲಿ ಏನೋ ಕೂಗಿದ.

“ದೊರೆಯೂ ಟೋಪಿ ತೆಗೆದ್ನಲ್ಲಪ್ಪೋ!” ಎಂದು ಜನ ಇನ್ನೊಮ್ಮೆ ಅಡ್ಡಬಿದ್ದರು. ಅಲ್ಲಿಯವರೆಗೆ ಅನುಮಾನವಿದ್ದ ಸ್ಟೇಷನ್ ಮಾಸ್ತರರೂ ಬಿದ್ದರು.

“ಏನಪ್ಪಾ ಅಂದ್ರು ದೊರೆಗಳು?” ಎಂದು ಸಾವಿತ್ರಮ್ಮನವರು ಶೇಕ್‌ದಾರರನ್ನು ಕೇಳಿದರು.

ದೊರೆ ಹೇಳಿದ್ದು, ಅದರ ಕೆಳಗೆ ಭಾರಿ ಮೀನು ಸಿಕ್ಕಿದೆ, ಬೇಗ ಎಳೆಸಿ ಎಂದು. ಲಿಂಗ ಕಟ್ಟಿದ ಶೇಕ್‌ದಾರರು ಮಠದ ಜನರ ಮುಖವನ್ನೂ ಈರಭದ್ರಪ್ಪನವರ ಮುಖವನ್ನೂ ನೋಡಿ ಮಾತು ತಿರುಗಿಸಿದರು. “ಅದರ ಕೆಳಗೆ ಏನೋ ಭಾರಿ ಶಕ್ತಿ ಇದೆ ಅಂತಾರೆ ತಾಯಿ. ಬೇಗ ದಡಕ್ಕೆ ತರಿಸ್ಬೇಕಂತೆ.”

“ಹಂಗಾರೆ ಎಲ್ರೂ ಸೇರಿ ಎಳೀಲಿ ಮಲ್ಲಣ್ಣ. ನಾವೂ ಕಣ್ತುಂಬ ನೋಡೋಣ,” ಎಂದು ಸಾವಿತ್ರಮ್ಮನವರು ಮಗನಿಗೆ ಹೇಳಿದರು.

ಎಲ್ಲರೂ ಸೇರಿ ಎಳೆದರೆ, ಎಲ್ಲರೂ ಕಣ್ತುಂಬ ನೋಡಿದರೆ, ಬುರುಡೆಯ ಹಿಂದೆ ಮೀಸೆ ಬಿಟ್ಟುಕೊಂಡು ಬರುವುದು ಏನು? ಈರಭದ್ರಪ್ಪನವರು ನಿಜ ಹೇಳಿಬಿಡಲೆಂದೇ ಬಾಯಿ ತೆರೆದರು.

“ನಿಲ್ಲಿ!” ಮಲ್ಲಿಕಾರ್ಜುನಯ್ಯನವರು ಕೈಯೆತ್ತಿದ್ದರು. “ಯಾರೂ ಮುಟ್ಟಬಾರ್ದು. ಇದು ಗಂಗಮ್ಮ ಅಲ್ಲ. ನಮ್ಮ ಮಠದ ಹಿಂದಿನ ಅಜ್ಜಯ್ಯನವರ ಕಮಂಡಲ. ಈ ಕೆರೇಲಿ ಬಿದ್ದುಹೋಗಿತ್ತು ಅಂತ ನಮ್ಮ ತಾತ ಹೇಳ್ತಿದ್ರು.”

ಅಂಥ ಕಥೆಯನ್ನು ಅಜ್ಜಂಪುರದಲ್ಲಿ ಯಾರೂ ಕೇಳಿರಲಿಲ್ಲ. ಆದರೂ ಒಂದು ಎಲೆ ಹಾಕಿಕೊಳ್ಳುವಷ್ಟರಲ್ಲಿ ಅದನ್ನು ಚಿಕ್ಕಂದಿನಿಂದ ಕೇಳಿದವರು ಹಲವರು ಹುಟ್ಟಿಕೊಂಡರು.

“ಹೆಣ್ಣಿನ ತಂದೆಯೇ ಹೋಗಿ ತರಬೇಕು. ತೆಪ್ಪ ನಡೆಸೋಕೆ ಒಬ್ಬ ಸಾಕು. ತರೋವಾಗ ಯಾರೂ ನೋಡಬಾರ್ದು, ನೋಡಿದ್ರೆ ಕಣ್ಣು ಹೋಗುತ್ತೆ. ಎಲ್ಲರೂ ಕೆರೆಗೆ ಬೆನ್ನು ಮಾಡಿ, ಕಣ್ಣು ಮುಚ್ಕೊಂಡು, ಪಂಚಾಕ್ಷರಿ ಹೇಳ್ತಾ ಕೂತ್ಕೊಳ್ಳಿ. ನಾನೊಬ್ಬ ಕಾವಲಿರ್ತೀನಿ.”

ಅವರ ಮಾತಿಗೆ ಎರಡಿಲ್ಲ. ಏರಿಯುದ್ದಕ್ಕೂ ಜನ ಬೆನ್ನು ಮಾಡಿ ಕೂತರು. ದೊರೆಗೆ ಮಾತ್ರ ಯಾರೂ ಏನೂ ಹೇಳಲಿಲ್ಲ, ಅವನು ನೋಡುತ್ತಲೇ ನಿಂತ.

ರಂಗಪ್ಪ ತೆಪ್ಪ ನಡೆಸಿದ. ಬುರುಡೆ ಹತ್ತಿರವಾದಂತೆ ಅವನ ಭಕ್ತಿ ಕಡಿಮೆಯಾಗುತ್ತ ಬಂತು. “ಸಾವ್ಕಾರ್ರೇ, ಇದು ನಮ್ಮನೆ ಬುರುಡೆ. ತೊಟ್ಟಿನ ತಾವ ನಮ್ಮ ಕೆಂಚಿ ಬಿಸಿ ಸೌಟು ಮಡಗಿದ ಕಲೆ ಅದೆ.”

“ಮೆಲ್ಲಗೆ ಮಾತಾಡೋ!”

“ಇದಕ್ಕಾ ನಾನು ಬೆಳಿಗ್ಗೆಯಿಂದ ಅಡ್ಡ ಬಿದ್ದಿದ್ದು?”

ಈರಭದ್ರಪ್ಪನವರು ಎರಡೂ ಕೈಯಲ್ಲಿ ಬುರುಡೆಯನ್ನು ತಬ್ಬಿದರು. ಗಂಟು ಬಿಚ್ಚಲು ನೋಡಿದರು, ಅದು ಅವರದೇ ಗಂಟು, ಬಿಚ್ಚಲಿಲ್ಲ. ಆಗ ನೀರಿನ ಕೆಳಗಿನಿಂದ ಅಗಲವಾದ ಬಾಯಿಯೊಂದು ಮೇಲೆ ಬಂತು. ಎರಡು ಕಡೆ ಎರಡು ಮೀಸೆ. ಮೀನೂ ಈರಭದ್ರಪ್ಪನವರೂ ಒಬ್ಬರನ್ನೊಬ್ಬರು ನೋಡಿದರು. ಯಾರು ಹೆಚ್ಚು ಹೆದರಿದ್ದರೆಂದು ಹೇಳುವುದು ಕಷ್ಟ, ಆದರೆ ಮೀನಿಗೆ ಬೀಗರ ಕಾಟವಿರಲಿಲ್ಲ. ಅದು ಬಾಲ ಬಡಿದು ತಿರುಗಿತು. ಬುರುಡೆಯೊಂದಿಗೆ ಈರಭದ್ರಪ್ಪನವರೂ ತೆಪ್ಪ ಬಿಟ್ಟು ದೊಪ್ಪನೆ ನೀರಿಗೆ ಹೋದರು.

ಆ ಸದ್ದು ಕೇಳಿ ಏರಿಯ ಮೇಲೆ, ಗಂಡನ ಹಿಂದೆಯೇ ಬಂದಿದ್ದ ಶಂಕರಮ್ಮನವರು ಎದೆ ಬಡಿದುಕೊಂಡರು. “ಹಾರ್ಬಿಟ್ರಲ್ಲಪ್ಪೋ! ಅಂದ್ಕೊಂಡಂಗೇ ಮಾಡ್ಬಿಟ್ರಲ್ಲೋ!”

“ಕಣ್ಣು ತೆಗೀಬೇಡಿ!” ಎಂದು ಮಲ್ಲಿಕಾರ್ಜುನಯ್ಯ ಗುಡುಗಿದರು. “ಗಂಗೆ ಪರೀಕ್ಷೆ ಮಾಡ್ತಾ ಇದಾಳೆ! ಜೋರಾಗಿ ಹೇಳಿ, ಓಂ ನಮಃ ಶಿವಾಯ!”

ಊರು ಪೂರ್ತಿ ಕಣ್ಣು ಬಿಗಿದು ಜಪ ಮಾಡುತ್ತಿರುವಾಗ ಈರಭದ್ರಪ್ಪನವರು ಬುರುಡೆ ತಬ್ಬಿಕೊಂಡು ಕೆರೆ ಸುತ್ತುತ್ತಿದ್ದರು. ಮೀನು ಎಳೆದತ್ತ ಹೋಗುತ್ತಿದ್ದರು. ಮುಳುಗುತ್ತಿದ್ದರು, ಎದ್ದು “ಶಿವಾ!” ಎನ್ನುತ್ತಿದ್ದರು, ಮತ್ತೆ ಮುಳುಗುತ್ತಿದ್ದರು. ಬಿಟ್ಟರೆ ಈಜು ಬಾರದು, ಹಿಡಿದರೆ ಮೀನು ಬಿಡದು. ದೊರೆ ದಡದಲ್ಲಿ ಟೋಪಿ ಬೀಸುತ್ತ ಹುಚ್ಚನಂತೆ ಓಡಾಡುತ್ತಿದ್ದ. ಕಡೆಗೆ ಜೊಂಡಿನ ಮಗ್ಗುಲಲ್ಲಿ ಮೀನು ಉಸಿರು ತೆಗೆದುಕೊಂಡಾಗ ರಂಗಪ್ಪ ತೆಪ್ಪ ತಂದು, ಸೊಂಟದ ಮಚ್ಚು ತೆಗೆದು ಹುರಿ ಕತ್ತರಿಸಿದ. ಕತ್ತರಿಸಿದ ತುದಿಯನ್ನು ನೀರಿಗೆ ಬಿಡಲಿಲ್ಲ, ತೆಪ್ಪದ ಹಿಂದಿನ ಬೊಂಬಿಗೆ ಸುತ್ತಿ ಕಟ್ಟಿದ. ಸಾವ್ಕಾರರನ್ನೂ ಎಳೆದು ತೆಪ್ಪಕ್ಕೆ ಹಾಕಿಕೊಂಡ. “ನೀವು ಕಮಂಡಲ ತಗಂಡು ಹೋಗಿ. ಮಿಕ್ಕಿದ್ದು ನಾನು ನೋಡ್ಕತೀನಿ,” ಎಂದ.

ಈರಭದ್ರಪ್ಪನವರು ಬುರುಡೆಯನ್ನು ಒದ್ದೆ ಶಲ್ಯದಲ್ಲಿ ಸುತ್ತಿ ದಡಕ್ಕೆ ಬಂದು ಸಾವಿತ್ರಮ್ಮನವರ ಮಡಿಲಿಗೆ ಹಾಕಿದರು. ಮುದುಕಿ ಅದನ್ನು ಕಣ್ಣಿಗೊತ್ತಿಕೊಂಡು ಗಳಗಳ ಅತ್ತರು. “ಇಂಥ ಮನೆ ಹೆಣ್ಣು ಬಿಟ್ರೆ ನಮ್ಗೆ ಇನ್ಯಾವ ಹೆಣ್ಣಪ್ಪಾ!” ಶಂಕರಮ್ಮನವರು ಗಂಡನ ಮೈ ಮುಟ್ಟಿ ಮುಟ್ಟಿ ನೋಡಿ, ಎಲ್ಲರೆದುರಿಗೆ ಬೈಯಲಾರದೆ ಬರಿದೆ ಅತ್ತರು. ವಾಲಗದವರನ್ನು ಕರೆಸಿ ಕಮಂಡಲವನ್ನು ಮೆರವಣಿಗೆಯಲ್ಲಿ ಊರಿಗೆ ತಂದರು. ರಂಗಪ್ಪ ಮಾತ್ರ ತೆಪ್ಪ ಕಟ್ಟಿ ಬರುತ್ತೇನೆಂದು ಹಿಂದೆ ಉಳಿದ. ಅವನ ಜೊತೆ ಶೇಕ್‌ದಾರರೂ ದೊರೆಯೂ ಉಳಿದದ್ದನ್ನು ಯಾರೂ ಗಮನಿಸಲಿಲ್ಲ. ಅಂದು ಮಧ್ಯಾಹ್ನ ಬಂಗಲೆಯ ಅಡುಗೆಮನೆಯಿಂದ ಅಮಲ್ದಾರರ ಹುಕುಂ ನೆರವೇರಿದ ವಾಸನೆ ಎದ್ದಿತೆಂದೂ ಗಾಳಿ ಊರಿಗೆ ಬೆನ್ನು ಮಾಡಿ ಆಚೆ ಕಡೆಗೇ ಬೀಸುತ್ತಿತ್ತೆಂದೂ ಆಮೇಲೆ ತಿಳಿಯಿತು.

ವೀಳ್ಯ ಬದಲಾಯಿತು. ಲಗ್ನ ಗೊತ್ತಾಯಿತು. ಒಳಗಿನ ಕೋಣೆಯಿಂದ ಮಲ್ಲಿಕಾಂಬಳ ನಗು ಕೇಳಿಸಿತು. ಪಂಕ್ತಿಯಲ್ಲಿ ಬೀಗರಿಬ್ಬರೂ ಅಕ್ಕಪಕ್ಕ ಕೂತರು. ಈರಭದ್ರಪ್ಪನವರ ಎದೆ ಬೆಳಗಿನಿಂದ ಮೊದಲ ಬಾರಿಗೆ ತನ್ನ ಜಾಗಕ್ಕೆ ಬಂದಿತ್ತು.

ಹೋಳಿಗೆ ಬಡಿಸಿದರು. ಮಲ್ಲಿಕಾರ್ಜುನಯ್ಯನವರು ಒಂದು ತುಂಡು ಮುರಿದರು, ಹೂರಣವನ್ನು ಬೆರಳ ತುದಿಯಲ್ಲಿ ಒತ್ತಿ ನೋಡಿದರು, ಮೂಸಿದರು. ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. ಮೆಲ್ಲಗೆ ಬೀಗರ ಕಿವಿಯ ಕಡೆ ಬಾಗಿದರು.

“ಗಾಳಕ್ಕೆ ಕಟ್ಟಿದ್ದು ಇದೇನಾ?”

ಈರಭದ್ರಪ್ಪನವರ ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು.

“ಬೆಲ್ಲ ನೀರಲ್ಲಿ ಕರಗೋಗುತ್ತೆ ಬೀಗರೇ,” ಎಂದು ಅವರು ಅಷ್ಟೇ ಮೆಲ್ಲಗೆ ಮುಂದುವರಿಸಿದರು. “ಕಡಲೆಹಿಟ್ಟಿಗೆ ಇಂಗು ಕಲಸಿ ಕಟ್ಬೇಕು. ಹುಡುಗಾಟದ ವಯಸ್ಸಲ್ಲಿ ನಮ್ಮೂರ ಕೆರೇಲಿ ನಾನು ಹಂಗೇ ಕಟ್ತಿದ್ದೆ. ತಿನ್ನೋಕಲ್ಲಪ್ಪ, ಶಿವ ಶಿವಾ. ಎಳೆದು, ಮೀಸೆ ನೋಡಿ, ಬಿಟ್ಟುಬಿಡ್ತಿದ್ದೆ. ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.” ಆಮೇಲೆ ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ, “ಹೂರಣ ಬಹಳ ಚೆನ್ನಾಗಿದೆ ತಾಯಿ,” ಎಂದರು. ಮತ್ತೆ ಬಾಗಿದರು. “ಜೊಂಡಿನೊಳಗೆ ಇನ್ನೊಂದು ಬುರುಡೆ ಅಲ್ಲಾಡ್ತಾ ಇತ್ತು. ನಾನು ನೋಡ್ದೆ. ಊಟ ಆದ್ಮೇಲೆ ಅಮ್ಮ ಒಂದು ನಿದ್ದೆ ತೆಗೀತಾರೆ. ಆಗ ಹೋಗಿ ಬರೋಣ. ಹುರಿ ಕೈಗೆ ಸುತ್ಕೊಳ್ಳದೆ ಎಳೆಯೋ ವಿದ್ಯೆ ಗೊತ್ತೇನು ನಿಮ್ಗೆ?”

ಈರಭದ್ರಪ್ಪನವರು ತಮ್ಮ ಅಂಗೈ ನೋಡಿಕೊಂಡರು. ಹುರಿ ಕೊಯ್ದ ಗೀರುಗಳು ಇನ್ನೂ ಕೆಂಪಗಿದ್ದವು. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

“ನನಗೆ ಗೊತ್ತಿಲ್ಲ,” ಎಂದರು.

“ಹೇಳಿಕೊಡ್ತೀನಿ ಬಿಡಿ,” ಎಂದು ಮಲ್ಲಿಕಾರ್ಜುನಯ್ಯನವರು ಇನ್ನೊಂದು ಹೋಳಿಗೆಗೆ ಎಲೆ ಮುಂದಕ್ಕೆ ಸರಿಸಿದರು.